ಹೊಲದಲ್ಲಿ ಬಂದೂಕು: ಕಾಯದೆ ಏನು ಹೇಳುತ್ತದೆ?



ಗದಗ ಸೀಮೆಯ ಎರೆ ಹೊಲಕ್ಕೆ ಚಿಗರಿ ಹಿಂಡು ಬಿದ್ದರೆ, ಕಪ್ಪತಗುಡ್ಡದ ಕಡೆಯಿಂದ ಹಂದಿ ಇಳಿದರೆ ಪೈರಿನ ಗತಿ ಏನೆಂಬುದು ನಿಮಗೆ ಗೊತ್ತು. ಅದಕ್ಕೆಂದೇ ಕೆಲವರು ಬಂದೂಕಿಗೆ ಪರವಾನಗಿ ಪಡೆದಿದ್ದಾರೆ. ಸುಗ್ಗಿ ಮುಗಿದ ಮೇಲೆ ನಾಲ್ಕು ಮಂದಿ ಗೆಳೆಯರು ಕೂಡಿ, ಬದುವಿನ ಮೇಲೆ ಡಬ್ಬಿಯನ್ನೋ ತೆಂಗಿನಕಾಯಿಯನ್ನೋ ಇಟ್ಟು ಗುರಿ ಹೊಡೆಯೋಣ ಎನ್ನುವುದುಂಟು. ಬ್ಯಾಡ ಅಂದರೆ, "ಹೊಲ ನಂದು, ಬಂದೂಕು ನಂದು, ಕೇಳಾವ್ರು ಯಾರು?" ಎಂಬ ಉತ್ತರ ಬರುತ್ತದೆ.

ಕೇಳುವುದು ಕಾಯದೆ. ಹೊಲದ ಉತಾರ ನಿಮ್ಮ ಹೆಸರಿನಲ್ಲಿರಬಹುದು. ಬಂದೂಕಿನ ಪರವಾನಗಿಯೇ ಬೇರೆ. 1959ರ ಆಯುಧ ಕಾಯದೆಯ ಪ್ರಕಾರ ಅದನ್ನು ಕೊಡುವುದು ಒಬ್ಬ ವ್ಯಕ್ತಿಗೆ, ಒಂದು ಉದ್ದೇಶಕ್ಕೆ. ಬೆಳೆ ಕಾಯಲು ಕೊಟ್ಟದ್ದು ಬೆಳೆ ಕಾಯಲಿಕ್ಕೆ. ಗುರಿ ಅಭ್ಯಾಸ ಮಾಡಬೇಕೆನ್ನುವವರು ಮೊದಲು ಪರವಾನಗಿ ಕೊಟ್ಟ ಅಧಿಕಾರಿಯನ್ನು ಕೇಳಬೇಕು, ಇಲ್ಲವೆ ಪರವಾನಗಿ ಇರುವ ರೈಫಲ್ ಕ್ಲಬ್ಬಿಗೆ ಹೋಗಬೇಕು. "ನೀನೂ ಒಂದು ಹೊಡೆದು ನೋಡು" ಎಂದು ಪರವಾನಗಿಯಿಲ್ಲದ ಗೆಳೆಯನ ಕೈಗೆ ಬಂದೂಕು ಕೊಟ್ಟರೆ ಇಬ್ಬರೂ ತೊಂದರೆಗೆ ಸಿಕ್ಕಂತೆ.

2019ರ ತಿದ್ದುಪಡಿಯನ್ನೂ ತಿಳಿದಿರಿ. ಮದುವೆಯಲ್ಲಿ, ಜಾತ್ರೆಯಲ್ಲಿ ಸಂಭ್ರಮಕ್ಕೆಂದು ಅಥವಾ ಎಲ್ಲಿಯೇ ಆಗಲಿ ಅಜಾಗರೂಕತೆಯಿಂದ ಗುಂಡು ಹಾರಿಸಿ ಪರರ ಜೀವಕ್ಕೆ ಅಪಾಯ ತಂದರೆ, 2 ವರ್ಷದವರೆಗೆ ಸೆರೆ, ಇಲ್ಲವೆ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಗುಂಡು ಯಾರಿಗೂ ತಾಗಬೇಕೆಂದೇನಿಲ್ಲ. ನಮ್ಮದು ಬಯಲು ಸೀಮೆ. ಗುಂಡನ್ನು ತಡೆಯಲು ಗುಡ್ಡವಿಲ್ಲ. ಪಾಯಿಂಟ್ 22 ರೈಫಲಿನ ಸಣ್ಣ ಗುಂಡೂ ಒಂದೂವರೆ ಕಿಲೋಮೀಟರಿಗಿಂತ ದೂರ ಹೋಗಬಲ್ಲದು. ಅಷ್ಟರಲ್ಲಿ ಎಷ್ಟು ಬದು ದಾಟಿತು, ಎಷ್ಟು ಮಂದಿ ಹೆಣ್ಣುಮಕ್ಕಳು ಬಗ್ಗಿ ಹತ್ತಿ ಬಿಡಿಸುತ್ತಿದ್ದಾರೆ, ಯೋಚಿಸಿ.

"ಕೊಡಗಿನಾಗ ಕೈಲ್‌ಪೊದ್ ಹಬ್ಬಕ್ಕ ತೆಂಗಿನಕಾಯಿಗೆ ಗುಂಡು ಹೊಡೀತಾರಲ್ಲ?" ಎನ್ನಬಹುದು. ನಿಜ. ಅಲ್ಲಿನ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಪರವಾನಗಿಯಿಂದ ವಿನಾಯಿತಿ ಇದೆ. ಕೇಂದ್ರ ಸರಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ಹೈಕೋರ್ಟು ಎತ್ತಿಹಿಡಿಯಿತು. ಆ ವಿನಾಯಿತಿ ನಮಗಿಲ್ಲ.

ಇನ್ನು ಛರ್ರೆ ಹಾರಿಸುವ ಗಾಳಿ ಬಂದೂಕು. 2016ರ ನಿಯಮಗಳಂತೆ ನಳಿಗೆ ಪಾಯಿಂಟ್ 177 ಇಂಚು ಮೀರದೆ, ಹೊಡೆತದ ಶಕ್ತಿ 20 ಜೂಲ್ ಮೀರದೆ ಇದ್ದರೆ ಪರವಾನಗಿ ಬೇಡ. ಆದರೆ ಕಣ್ಣು ಕಳೆಯಲು ಅಷ್ಟೇ ಸಾಕು. ಹುಡುಗರ ಕೈಗೆ ಕೊಟ್ಟು ಹೋಗಬೇಡಿ.

ಮಾಗಡಿಯವರಿಗೆ ಇನ್ನೊಂದು ಮಾತು. ಸುಮಾರು 50 ಹೆಕ್ಟೇರಿನ ನಿಮ್ಮ ಕೆರೆ ಸಂರಕ್ಷಣಾ ಮೀಸಲು ಪ್ರದೇಶ. 2024ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಬರುವ ಪಟ್ಟೆತಲೆ ಹೆಬ್ಬಾತು ಇರುವುದು ನೀರಿನಲ್ಲಿ, ಮೇಯುವುದು ನಿಮ್ಮ ಹೊಲದಲ್ಲಿ. ಹೊಲಕ್ಕೆ ಬಂತೆಂದು ಅದು ಗುರಿ ಹಲಗೆಯಾಗದು. 1972ರ ವನ್ಯಜೀವಿ ಕಾಯದೆಯಲ್ಲಿ ಕೊಲ್ಲುವುದಷ್ಟೇ ಅಲ್ಲ, ಕೊಲ್ಲಲು ಯತ್ನಿಸುವುದೂ ಬೇಟೆಯೇ. ಗುರಿ ತಪ್ಪಿತೆಂದು ಅಪರಾಧ ತಪ್ಪದು. ಚಿಗರಿಯಂತೂ ಮೊದಲನೆಯ ಅನುಸೂಚಿಯ ಪ್ರಾಣಿ. ಅದರ ಬೇಟೆಗೆ ಕನಿಷ್ಠ 3 ವರ್ಷ ಸೆರೆ.

ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿಧಾಮವಾಯಿತು. ಅದರ ಒಳಗೆ ಮತ್ತು 10 ಕಿಲೋಮೀಟರ್ ಸುತ್ತಳತೆಯಲ್ಲಿರುವ ಬಂದೂಕುದಾರರು ತಮ್ಮ ಹೆಸರನ್ನು ಅರಣ್ಯ ಇಲಾಖೆಯಲ್ಲಿ ನೋಂದಾಯಿಸಬೇಕು. ಆ ಸುತ್ತಿನಲ್ಲಿ ಹೊಸ ಪರವಾನಗಿಗೆ ಮುಖ್ಯ ವನ್ಯಜೀವಿ ಪಾಲಕರ ಒಪ್ಪಿಗೆಯೂ ಬೇಕು.

ಹಾಗಾದರೆ ಬೆಳೆ ಹೋದರೆ ಹೋಗಲಿ ಎಂದು ಕೈಕಟ್ಟಿ ಕೂಡಬೇಕೇ? ಬೇಡ. ಹಾನಿಯಾದ ಕೂಡಲೆ ಫೋಟೋ ತೆಗೆದು, ಉತಾರದೊಡನೆ ವಲಯ ಅರಣ್ಯಾಧಿಕಾರಿಯ ಕಚೇರಿಗೆ ಪರಿಹಾರದ ಅರ್ಜಿ ಕೊಡಿ. ಬಂದೂಕಿದ್ದವರು ಇಂದು ಸಂಜೆ ಪರವಾನಗಿಯನ್ನು ತೆಗೆದು ನೋಡಿ: ಉದ್ದೇಶ ಏನಿದೆ, ಅವಧಿ ಎಂದಿಗೆ ಮುಗಿಯುತ್ತದೆ? ಓದಲು ಬಾರದಿದ್ದರೆ ಮಕ್ಕಳಿಂದ ಓದಿಸಿ ಕೇಳಿ. ಬಂದೂಕು ಮತ್ತು ತೋಟಾಗಳನ್ನು ಬೇರೆ ಬೇರೆ ಬೀಗದಲ್ಲಿಡಿ.

ಹೊಲಕ್ಕೆ ಬದು ಉಂಟು. ಹಾರಿದ ಗುಂಡಿಗೆ ಬದು ಇಲ್ಲ. ಇಷ್ಟನ್ನು ನೆನಪಿಡಿ.