ಬೇಸಿಗೆಗೆ ಕುಂಡದ ಸೊಪ್ಪಿನ ತಂಪು ಪಾನೀಯಗಳು

(ಲಗ್ಗೆರೆಯಲ್ಲಿ ರೋಗಿಗಳು ಮತ್ತು ಅವರ ಬಂಧುಗಳಿಗಾಗಿ ನೀಡಿದ ಆರೋಗ್ಯ ಶಿಕ್ಷಣ ಉಪನ್ಯಾಸದ ಬರಹರೂಪ)

 

ಬೆಂಗಳೂರು ತಂಪು ಊರು ಎಂಬ ಮಾತು ಹಳೆಯದಾಯಿತು. 2016ರ ಏಪ್ರಿಲ್‌ನಲ್ಲಿ ಇಲ್ಲಿ 39.2 ಡಿಗ್ರಿ ತಾಪ ದಾಖಲಾಗಿತ್ತು. ನಮ್ಮ ಲಗ್ಗೆರೆಯ ಶೀಟಿನ ಮನೆಗಳೊಳಗೆ ಮಧ್ಯಾಹ್ನ ಹೇಗಿರುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ. ಪೀಣ್ಯದ ಕಡೆ ಗಾರ್ಮೆಂಟ್ಸ್‌ಗೆ ಹೋಗುವ ತಾಯಂದಿರು ಪದೇ ಪದೇ ಎದ್ದು ಹೋಗಲು ಆಗುವುದಿಲ್ಲವೆಂದು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಆಮೇಲೆ ಉರಿಮೂತ್ರ, ತಲೆಸುತ್ತು ಎಂದು ಬರುತ್ತಾರೆ. ಅಂಥವರು ಒಂದು ಬಾಟಲಿ ಮಜ್ಜಿಗೆಯನ್ನು ಬುತ್ತಿಯ ಜೊತೆ ಒಯ್ದರೂ ಎಷ್ಟೋ ಮೇಲು.

ಮೊದಲು ನೀರಿನ ಮಾತು. ಪೀಣ್ಯ ಕೈಗಾರಿಕಾ ಪ್ರದೇಶದ ಅಂತರ್ಜಲದಲ್ಲಿ ಕ್ರೋಮಿಯಂ ಇರುವುದು ಪರೀಕ್ಷೆಗಳಲ್ಲಿ ಕಂಡುಬಂದಿದೆ. ಕುದಿಸಿದರೆ ರೋಗಾಣು ಸಾಯುತ್ತದೆ, ಲೋಹ ಹೋಗುವುದಿಲ್ಲ. ಆದ್ದರಿಂದ ಕುಡಿಯಲು ಕಾವೇರಿ ನೀರನ್ನೇ ಕುದಿಸಿ ಆರಿಸಿ ಬಳಸಿ. ಬೀದಿಯ ಐಸ್ ಬೇಡ, ಮಡಕೆ ಸಾಕು.

ಇನ್ನು ಸೊಪ್ಪು. ಜಾಗವಿಲ್ಲ ಎನ್ನಬೇಡಿ. ತೊಳೆದ ಎಣ್ಣೆ ಡಬ್ಬದ ತಳಕ್ಕೆ ನಾಲ್ಕು ತೂತು ಮಾಡಿದರೆ ಕುಂಡವಾಯಿತು. ಪೇಂಟ್ ಡಬ್ಬ ಮಾತ್ರ ತಿನ್ನುವ ಸೊಪ್ಪಿಗೆ ಬೇಡ. ದೊಡ್ಡಪತ್ರೆಯ ಗೇಣುದ್ದದ ಕಡ್ಡಿ ಚುಚ್ಚಿದರೆ ಸಾಕು, ತಾನೇ ಬರುತ್ತದೆ. ನೀರು ಹೆಚ್ಚಾದರೆ ಮಾತ್ರ ಕೊಳೆಯುತ್ತದೆ. ಅಂಗಡಿಯಿಂದ ತಂದ ಪುದೀನದ ಕಡ್ಡಿಯನ್ನು ಲೋಟದ ನೀರಿನಲ್ಲಿಟ್ಟರೆ ಒಂದೆರಡು ವಾರದಲ್ಲಿ ಬೇರು ಬಿಡುತ್ತದೆ. ಅಕ್ಕಿ ತೊಳೆದ ನೀರೇ ಇವಕ್ಕೆ ಸಾಕು. 2024ರಲ್ಲಿ ಬೋರ್‌ವೆಲ್‌ಗಳು ಬತ್ತಿ ಟ್ಯಾಂಕರಿಗೆ ಕಾದ ದಿನಗಳಲ್ಲೂ ನಮ್ಮ ಮನೆಯ ದೊಡ್ಡಪತ್ರೆ ಅದೇ ನೀರಿನಲ್ಲಿ ಉಳಿಯಿತು.

ದೊಡ್ಡಪತ್ರೆ ತಂಬುಳಿ ಮಲೆನಾಡಿನವರಿಗೆ ಹೊಸದಲ್ಲ. ಎಂಟು ಹತ್ತು ಎಲೆಯನ್ನು ಅರ್ಧ ಚಮಚ ತುಪ್ಪದಲ್ಲಿ ಜೀರಿಗೆ, ನಾಲ್ಕು ಕಾಳುಮೆಣಸಿನ ಜೊತೆ ಬಾಡಿಸಿ, ಸ್ವಲ್ಪ ತೆಂಗಿನತುರಿ ಹಾಕಿ ರುಬ್ಬಿ, ಎರಡು ಲೋಟ ಮಜ್ಜಿಗೆಗೆ ಬೆರೆಸಿ. ಕುಡಿಯಲಿಕ್ಕಾದರೆ ತೆಂಗು ಬಿಟ್ಟು ತೆಳ್ಳಗೆ ಮಾಡಿ. ಒಂದೆಲಗ ಸಿಕ್ಕರೆ ಅದರಲ್ಲೂ ಹೀಗೆಯೇ. ಪುದೀನವನ್ನು ಜಜ್ಜಿ ನಿಂಬೆರಸ, ಚೂರು ಶುಂಠಿಯೊಂದಿಗೆ ಬೆಲ್ಲದ ಪಾನಕಕ್ಕೆ ಹಾಕಬಹುದು. ಮಜ್ಜಿಗೆಹುಲ್ಲನ್ನು ಕುದಿಸಿ ಆರಿಸಿದ ನೀರು ಸಕ್ಕರೆಯಿಲ್ಲದೆಯೂ ರುಚಿ. ಕಾಮಕಸ್ತೂರಿ ಬೀಜವನ್ನು ಕಾಲು ಗಂಟೆ ನೆನೆಸಿ, ಪೂರ್ತಿ ಉಬ್ಬಿದ ಮೇಲೆಯೇ ಕೊಡಿ. ಪಾರ್ಶ್ವವಾಯುವಾಗಿ ನುಂಗಲು ಕಷ್ಟಪಡುವವರಿಗೆ, ಸಣ್ಣ ಮಕ್ಕಳಿಗೆ ಬೇಡವೇ ಬೇಡ, ಗಂಟಲಿಗೆ ಸಿಕ್ಕೀತು.

ಈಗ ನಾನು ಮುಖ್ಯವಾಗಿ ಹೇಳಬೇಕೆಂದು ಬಂದ ವಿಷಯ. ಹಿಂದೆ ನಾನು ಕೆಲಸ ಮಾಡುತ್ತಿದ್ದ ಒಂದು ಕಡೆ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದ ಹಿರಿಯರೊಬ್ಬರಿದ್ದರು. ಸೆಕೆಗೆ ಬಾಯಿ ಒಣಗುತ್ತದೆ ಎಂದಾಗ ಮಗಳು ದಿನಕ್ಕೆರಡು ಎಳನೀರು ಕುಡಿಸಿದರು. ಮೂರನೆಯ ದಿನ ಅವರ ಕೈಕಾಲು ಸೋತು ನಾಡಿ ನಿಧಾನವಾಯಿತು. ಎಳನೀರಿನಲ್ಲಿ ಪೊಟ್ಯಾಸಿಯಂ ಬಹಳ. ಕೆಟ್ಟ ಮೂತ್ರಪಿಂಡ ಅದನ್ನು ಹೊರಹಾಕಲಾರದು. ರಕ್ತದಲ್ಲಿ ಅದು ಏರಿದರೆ ಹೃದಯವೇ ನಿಂತುಬಿಡಬಹುದು. ತುರ್ತಾಗಿ ಡಯಾಲಿಸಿಸ್ ಮಾಡಿ ಉಳಿಸಿಕೊಂಡರು. ಆ ಮಗಳು "ಸಿಸ್ಟರ್, ನೀವು ನೀರು ಕಡಿಮೆ ಅಂದಿರಿ, ಎಳನೀರಿನ ಮಾತೇ ಎತ್ತಲಿಲ್ಲ" ಎಂದು ಅತ್ತರು. ಆಕೆ ಹೇಳಿದ್ದು ನಿಜ. ಹೇಳಬೇಕಾದವಳು ನಾನೇ ಆಗಿದ್ದೆ. ಅಂದಿನಿಂದ ಡಿಸ್ಚಾರ್ಜ್ ಚೀಟಿ ಓದಿ ಹೇಳುವಾಗ ಎಳನೀರಿನ ಹೆಸರನ್ನು ಬಿಡುವುದಿಲ್ಲ.

ಹೃದಯದ ತೊಂದರೆಯಿಂದ ಕಾಲು ಊದಿದವರಿಗೆ ವೈದ್ಯರು ದಿನಕ್ಕೆ ಇಷ್ಟೇ ನೀರು ಎಂದಿದ್ದರೆ, ಮಜ್ಜಿಗೆ, ಪಾನಕ, ಸಾರು ಎಲ್ಲವೂ ಆ ಲೆಕ್ಕಕ್ಕೇ ಸೇರುತ್ತವೆ. ಅವರಿಗೂ ಬಿ.ಪಿ. ಇರುವವರಿಗೂ ಮಜ್ಜಿಗೆಗೆ ಉಪ್ಪು ಬೇಡ. ಕರಿಬೇವು, ಶುಂಠಿ, ಕೊತ್ತಂಬರಿ ಸೊಪ್ಪು ಸಾಕು. ಸಕ್ಕರೆ ಕಾಯಿಲೆಯವರು ಬೆಲ್ಲ ಒಳ್ಳೆಯದೆಂದು ಪಾನಕ ಕುಡಿಯುತ್ತಾರೆ. ಬೆಲ್ಲವೂ ಸಕ್ಕರೆಯನ್ನು ಏರಿಸುತ್ತದೆ. ಆರು ತಿಂಗಳೊಳಗಿನ ಕೂಸಿಗೆ ಎಂಥ ಬೇಸಿಗೆಯಲ್ಲೂ ತಾಯಿಯ ಹಾಲೇ, ನೀರೂ ಬೇಡ.

ಭೇದಿಯಾದರೆ ಸೊಪ್ಪಿನ ಪಾನೀಯ ನೆಚ್ಚಿ ಕೂರಬೇಡಿ. ಓ.ಆರ್.ಎಸ್. ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿಗೆ ಪೂರ್ತಿ ಕಲಸಿ. ಅರ್ಧ ಪೊಟ್ಟಣ, ಒಂದು ಲೋಟ ಎಂಬ ಅಂದಾಜು ಬೇಡ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಆರು ಮಟ್ಟ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಇಪ್ಪತ್ತನಾಲ್ಕು ಗಂಟೆಯ ಮೇಲೆ ಉಳಿದದ್ದನ್ನು ಚೆಲ್ಲಿ. ಬಿಸಿಲಿನಲ್ಲಿ ಬಿದ್ದವರು ಮೈ ಸುಡುತ್ತಾ ತೊದಲುತ್ತಿದ್ದರೆ ಬಾಯಿಗೆ ಏನನ್ನೂ ಹುಯ್ಯಬೇಡಿ. ನೆರಳಿಗೆ ತಂದು ಮೈಗೆ ನೀರು ಹಾಕಿ ಗಾಳಿ ಬೀಸಿ, 108ಕ್ಕೆ ಕರೆ ಮಾಡಿ.

ರೋಗಿಗೆ ಮನೆಯಿಂದ ಏನು ತಂದರೂ ಕುಡಿಸುವ ಮೊದಲು ಡ್ಯೂಟಿಯಲ್ಲಿರುವ ಸಿಸ್ಟರ್‌ಗೆ ಒಮ್ಮೆ ತೋರಿಸಿ, ನಾವು ಬೇಸರಪಡುವುದಿಲ್ಲ. ಬಾಗಿಲ ಬಳಿಯ ಬಕೆಟ್ಟಿನಲ್ಲಿ ದೊಡ್ಡಪತ್ರೆ ಕಡ್ಡಿ ಇಟ್ಟಿದ್ದೇನೆ. ಮನೆಗೆ ಹೊರಟವರು ಎರಡೆರಡು ತೆಗೆದುಕೊಂಡು ಹೋಗಿ.