ವೆಂಟಿಲೇಟರ್ ಉಸಿರು ಮತ್ತು ಮನೆಯವರ ಹೊಣೆ
(ಬೋರಗಾಂವದ ಮಸೀದಿಯಲ್ಲಿ ನೀಡಿದ ಜುಮಾ ಪ್ರವಚನದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ ಮೀಸಲು. ಪ್ರವಾದಿ ಮುಹಮ್ಮದ್(ಸ)ರ ಮೇಲೆ ಸಲಾತ್ ಮತ್ತು ಸಲಾಮ್ ಇರಲಿ.

ಪ್ರೀತಿಯ ಸಹೋದರರೇ, ಜೀವ ಕೊಡುವವನೂ ಮರಣ ಕೊಡುವವನೂ ಅಲ್ಲಾಹನೇ. ಇದರಲ್ಲಿ ನಮಗೆ ಸಂಶಯವಿಲ್ಲ. ಆದರೆ ಐಸಿಯು ಬಾಗಿಲಲ್ಲಿ ನಿಂತ ಮನೆಯವರಿಗೆ ಇಂದು ಒಂದು ಕಠಿಣ ಗಳಿಗೆ ಎದುರಾಗುತ್ತಿದೆ. ರೋಗಿಯ ಎದೆ ಏರಿಳಿಯುತ್ತಿರುತ್ತದೆ, ಮೈ ಬೆಚ್ಚಗಿರುತ್ತದೆ, ಡಾಕ್ಟರು ಮಾತ್ರ ‘ಮೆದುಳು ಸತ್ತಿದೆ’ ಎನ್ನುತ್ತಾರೆ. ಬೈಕ್ ಅಪಘಾತವಾದರೆ ನಾವು ನಿಪ್ಪಾಣಿ, ಕೊಲ್ಹಾಪುರ, ಮೀರಜ್, ಬೆಳಗಾವಿ ಎಂದು ಓಡುವವರು. ಆ ಗಳಿಗೆ ಬರುವ ಮೊದಲೇ ಈ ವಿಷಯ ತಿಳಿದಿರಲಿ.

2021ರ ಜೂನ್ 12ರ ರಾತ್ರಿ ಬೆಂಗಳೂರಿನಲ್ಲಿ ಬೈಕ್ ಅಪಘಾತವಾಗಿ ನಟ ಸಂಚಾರಿ ವಿಜಯ್ ಅವರ ತಲೆಗೆ ಪೆಟ್ಟಾಯಿತು. ಎರಡೇ ದಿನದಲ್ಲಿ ಕೆಲವರು ಸಂತಾಪ ಹೇಳಿದರು. ಇನ್ನು ಕೆಲವರು ‘ಇಲ್ಲ, ಉಸಿರಿದೆ’ ಎಂದರು. ಆಗ ಆಸ್ಪತ್ರೆಯ ಹೇಳಿಕೆಯಲ್ಲಿ ‘ಆಪ್ನಿಯಾ ಪರೀಕ್ಷೆ’ ಎಂಬ ಮಾತು ಬಂತು. ಆ ಪರೀಕ್ಷೆಯಲ್ಲಿ ಮೆದುಳು ಸತ್ತಿರುವುದು ಖಚಿತವಾದ ನಂತರ ಮನೆಯವರು ಅವರ ಅಂಗಾಂಗಗಳನ್ನು ದಾನ ಮಾಡಿದರು.

ಏನಿದು ಪರೀಕ್ಷೆ? ನಾವು ಉಸಿರು ಬಿಗಿಹಿಡಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತದೆ. ಕೂಡಲೇ ಮೆದುಳಿನ ಕಾಂಡ ‘ಉಸಿರಾಡು’ ಎಂದು ಆಜ್ಞೆ ಕೊಡುತ್ತದೆ. ಅಲ್ಲಾಹನು ನಮ್ಮೊಳಗೆ ಇಟ್ಟ ವ್ಯವಸ್ಥೆ ಇದು. ಡಾಕ್ಟರು ಮೊದಲು ರೋಗಿಗೆ ಶುದ್ಧ ಆಮ್ಲಜನಕ ಕೊಟ್ಟು, ನಂತರ ವೆಂಟಿಲೇಟರ್ ಬೇರ್ಪಡಿಸುತ್ತಾರೆ. ಆಗಲೂ ನಳಿಕೆಯ ಮೂಲಕ ಆಮ್ಲಜನಕ ಹೋಗುತ್ತಲೇ ಇರುತ್ತದೆ. ಸುಮಾರು 8ರಿಂದ 10 ನಿಮಿಷ ಎದೆ, ಹೊಟ್ಟೆಗಳನ್ನೇ ಗಮನಿಸುತ್ತಾರೆ. ರಕ್ತದಲ್ಲಿ ಆ ಅನಿಲದ ಮಟ್ಟ 60 ದಾಟಿದರೂ ಒಂದು ಉಸಿರೂ ಬಾರದಿದ್ದರೆ ಆಜ್ಞೆ ಕೊಡುವ ಜಾಗವೇ ನಿಂತಿದೆ ಎಂದರ್ಥ. ಒಂದೇ ಒಂದು ಉಸಿರು ಬಂದರೂ ಮೆದುಳು ಸತ್ತಿಲ್ಲ. ಬಿಪಿ ಕುಸಿದರೆ ಪರೀಕ್ಷೆ ನಿಲ್ಲಿಸಿ ಮತ್ತೆ ಯಂತ್ರ ಜೋಡಿಸುತ್ತಾರೆ. ಆದ್ದರಿಂದ ‘ಮಷಿನ್ ತೆಗೆದು ಕೊಂದರು’ ಎಂದು ಡಾಕ್ಟರರ ಮೇಲೆ ಏರಿ ಹೋಗುವುದು ಸುಳ್ಳು ಆರೋಪ ಹೊರಿಸಿದಂತೆ.

ಇನ್ನೊಂದು ಮಾತು. ಕೈ ಕಾಲು ಅಲುಗಿದರೆ ಅದು ಬೆನ್ನುಹುರಿಯ ಪ್ರತಿಕ್ರಿಯೆಯೂ ಆಗಿರಬಹುದು. ಹೃದಯ ತನ್ನಷ್ಟಕ್ಕೇ ಮಿಡಿಯಬಲ್ಲದು. ಆಮ್ಲಜನಕ ಸಿಗುತ್ತಿದ್ದರೆ ಅದು ಕೆಲಕಾಲ ಮಿಡಿಯುತ್ತಲೇ ಇರಬಹುದು. ಕೋಮಾ ಬೇರೆ, ಇದು ಬೇರೆ. ಕೋಮಾದಿಂದ ಎದ್ದು ಬಂದವರಿದ್ದಾರೆ.

ಶರೀಅತ್ ಏನು ಹೇಳುತ್ತದೆ? 1986ರಲ್ಲಿ ಅಮ್ಮಾನ್‌ನಲ್ಲಿ ಸೇರಿದ ಅಂತಾರಾಷ್ಟ್ರೀಯ ಫಿಕ್‌ಹ್ ಅಕಾಡೆಮಿ, ಮೆದುಳು ಮರಳಿ ಬಾರದಂತೆ ನಿಂತಿದೆ ಎಂದು ತಜ್ಞರು ಹೇಳಿದರೆ ಅದನ್ನೂ ಮರಣವೆಂದೇ ಪರಿಗಣಿಸಿತು. 1987ರಲ್ಲಿ ಮಕ್ಕಾದ ಫಿಕ್‌ಹ್ ಅಕಾಡೆಮಿ ಬೇರೆ ರೀತಿ ಹೇಳಿತು: ಮೂವರು ತಜ್ಞರು ಒಪ್ಪಿದರೆ ಯಂತ್ರ ತೆಗೆಯಬಹುದು, ಆದರೆ ಉಸಿರು ಮತ್ತು ಹೃದಯ ಎರಡೂ ನಿಂತ ಮೇಲೆಯೇ ಮರಣದ ವಿಧಿಗಳು ಅನ್ವಯಿಸುತ್ತವೆ. ಇದ್ದತ್, ವಾರಸು ಹಂಚಿಕೆ, ಅಂಗದಾನದ ವಿಷಯದಲ್ಲಿ ಈ ವ್ಯತ್ಯಾಸ ಮುಖ್ಯ. ಆದರೆ ಇಂಥ ಸ್ಥಿತಿಯಲ್ಲಿ ಯಂತ್ರ ತೆಗೆಯುವುದು ಕೊಲೆಯಲ್ಲ ಎಂಬುದರಲ್ಲಿ ಎರಡೂ ಕಡೆ ಒಮ್ಮತವಿದೆ.

ಹಾಗೆಂದು ಆತುರವೂ ಸಲ್ಲದು. ಒಂದು ಜೀವದ ಬೆಲೆ ಅಲ್ಲಾಹನ ಬಳಿ ಎಷ್ಟು ದೊಡ್ಡದು! ಮೆದುಳಿಗೆ ಏನಾಗಿದೆ ಎಂಬ ಕಾರಣ ಖಚಿತವೇ? ನಿದ್ದೆಯ ಔಷಧಿ, ಸ್ನಾಯು ಸಡಿಲಿಸುವ ಔಷಧಿಗಳ ಪ್ರಭಾವ ಇಳಿದಿದೆಯೇ? ಮೈ ತಣ್ಣಗಾಗಿಲ್ಲವೇ? ಇವನ್ನು ಸಮಾಧಾನದಿಂದ ಕೇಳಿ. 1994ರ ಅಂಗಾಂಗ ಕಸಿ ಕಾನೂನಿನ ಪ್ರಕಾರ ನಾಲ್ವರು ವೈದ್ಯರು ಸಹಿ ಮಾಡಬೇಕು, ಕನಿಷ್ಠ 6 ಗಂಟೆ ಬಿಟ್ಟು ಪರೀಕ್ಷೆಯನ್ನು ಎರಡನೇ ಬಾರಿ ಮಾಡಬೇಕು. ಅಂಗ ಕಸಿ ಮಾಡುವ ತಂಡದವರು ಆ ನಾಲ್ವರಲ್ಲಿ ಇರುವಂತಿಲ್ಲ. ಅಂಗದಾನ ಬೇರೆಯೇ ಪ್ರಶ್ನೆ. ಬೇಡವೆನ್ನುವ ಹಕ್ಕು ನಿಮಗಿದೆ. ನೀವು ನಂಬುವ ಆಲಿಮರನ್ನು ಕೇಳಿ ತೀರ್ಮಾನಿಸಿ.

ಸಹೋದರರೇ, ಔಷಧಿ ಮಾಡಿಸಿರೆಂದು ಪ್ರವಾದಿ(ಸ)ರು ಕಲಿಸಿದ್ದಾರೆ. ಆಸೆ ಇರುವವರೆಗೆ ಮಾಡಿಸೋಣ. ಆದರೆ ಎಲ್ಲ ಮುಗಿದಿದೆ ಎಂದು ಖಚಿತವಾದ ಮೇಲೂ ಹೊಲ ಒತ್ತೆಯಿಟ್ಟು, ಬಡ್ಡಿ ಸಾಲ ತಂದು, ಮಕ್ಕಳನ್ನು ಬೀದಿಗೆ ನಿಲ್ಲಿಸಿ ಯಂತ್ರ ನಡೆಸುವುದು ಮೃತರ ಮೇಲಿನ ಪ್ರೀತಿಯಲ್ಲ. ಅವರಿಗೆ ಆಗ ಬೇಕಾದದ್ದು ನಮ್ಮ ದುಆ, ಗುಸ್ಲ್, ಜನಾಝಾ ನಮಾಝ್ ಮತ್ತು ಅವರ ಸಾಲ ತೀರಿಸುವ ವಾರಸುದಾರರು.

ಓ ಅಲ್ಲಾಹ್, ನಮ್ಮ ರೋಗಿಗಳಿಗೆ ಶಿಫಾ ನೀಡು. ಕಠಿಣ ಗಳಿಗೆಯಲ್ಲಿ ಸಬರ್ ಮತ್ತು ಸರಿಯಾದ ತಿಳಿವಳಿಕೆ ಕೊಡು. ನಮ್ಮೆಲ್ಲರ ಅಂತ್ಯವನ್ನು ಈಮಾನಿನ ಮೇಲೆ ಮಾಡು. ಆಮೀನ್.