ಬೆಟ್ಟದ ಅಂಚು, ಗೋಪುರದ ತುದಿ

ಹಾಂಗ್‌ಕಾಂಗಿನ ಯಾವ ಚಿತ್ರವನ್ನು ನೋಡಿದರೂ ಮೊದಲು ಕಣ್ಣಿಗೆ ಬೀಳುವುದು ಗಾಜಿನ ಗೋಪುರಗಳ ಸಾಲೇ ಆದರೂ, ಆ ನಗರದ ಐತಿಹ್ಯಗಳು ಹುಟ್ಟಿದ್ದು ಅವುಗಳ ಹಿಂದಿರುವ ಬೆಟ್ಟಗಳಲ್ಲಿ. 13ನೆಯ ಶತಮಾನದಲ್ಲಿ ಮಂಗೋಲರ ಭಯದಿಂದ ದಕ್ಷಿಣಕ್ಕೆ ಓಡಿಬಂದ ಸೋಂಗ್ ವಂಶದ ಬಾಲಚಕ್ರವರ್ತಿಯೊಬ್ಬ ಅಲ್ಲಿನ ಎಂಟು ಶಿಖರಗಳನ್ನು ಎಂಟು ಡ್ರ್ಯಾಗನ್‌ಗಳೆಂದು ಎಣಿಸಿದಾಗ, ಒಂಬತ್ತನೆಯ ಡ್ರ್ಯಾಗನ್ ತಾವೇ ಎಂದು ಪರಿವಾರದವನೊಬ್ಬ ಬಿನ್ನವಿಸಿದನಂತೆ. ನಗರದ ಒಂದು ಭಾಗಕ್ಕಿರುವ ಕೌಲೂನ್, ಅಂದರೆ 'ಒಂಬತ್ತು ಡ್ರ್ಯಾಗನ್', ಎಂಬ ಹೆಸರಿಗೆ ಜನ ಹೇಳುವ ಕಾರಣ ಇದು.

ಇಂಥ ನಂಬಿಕೆಗಳಿಗೆ ಆಧಾರವಾದ ಫೆಂಗ್‌ಶೂಯಿ, ಅಂದರೆ ನೆಲ, ನೀರು, ಗಾಳಿಗಳ ಗತಿಯನ್ನು ನೋಡಿ ಮನೆಗೂ ಗೋರಿಗೂ ಜಾಗ ಗೊತ್ತುಮಾಡುವ ಚೀನೀ ಪದ್ಧತಿ, ಬೆನ್ನಿಗೆ ಬೆಟ್ಟವೂ ಮುಂದೆ ನೀರೂ ಇರುವ ಸ್ಥಳವನ್ನು ಶುಭವೆಂದು ಎಣಿಸುತ್ತದೆ. ಕುತೂಹಲದ ಸಂಗತಿಯೆಂದರೆ, ಬೆಟ್ಟಗಳಿಗೆ ಹೇಳುತ್ತಿದ್ದ ಶುಭಾಶುಭವನ್ನು ಜನ ಕ್ರಮೇಣ ಕಟ್ಟಡಗಳಿಗೂ ಹೇಳತೊಡಗಿದರು. ವಾಸ್ತುಶಿಲ್ಪಿ ಐ. ಎಂ. ಪೇ ರೂಪಿಸಿದ ಬ್ಯಾಂಕ್ ಆಫ್ ಚೀನಾ ಗೋಪುರ 1990ರಲ್ಲಿ ಪೂರ್ಣಗೊಂಡಾಗ ಅದರ ಚೂಪಾದ ತ್ರಿಕೋನ ಅಂಚುಗಳಲ್ಲಿ ಕತ್ತಿಯ ಅಲಗನ್ನು ಕಂಡವರು, ನೆರೆಯ ಎಚ್‌ಎಸ್‌ಬಿಸಿ ಕಟ್ಟಡದ ನೆತ್ತಿಯ ಕ್ರೇನುಗಳನ್ನು ಆ ಕತ್ತಿಗೆ ಎದುರಾಗಿ ಹೂಡಿದ ಫಿರಂಗಿಗಳೆಂದೇ ಬಗೆದರು. ಅವು ನಿರ್ವಹಣೆಯ ಕೆಲಸದವು ಎಂದರೂ ಕಥೆ ಸಾಯದು. ರಿಪಲ್ಸ್ ಬೇ ಎಂಬಲ್ಲಿನ ವಸತಿ ಕಟ್ಟಡವೊಂದರ ನಡುವೆ ಬಿಟ್ಟಿರುವ ದೊಡ್ಡ ಕಿಂಡಿಯು, ಬೆಟ್ಟದ ಡ್ರ್ಯಾಗನ್ ನೀರಿಗೆ ಇಳಿದುಬರುವ ದಾರಿಯೆಂದು ಪ್ರಸಿದ್ಧವಾಗಿದೆ.

ಎತ್ತರದಲ್ಲಂತೂ ಗೋಪುರಗಳು ಬೆಟ್ಟಗಳನ್ನು ಮುಟ್ಟುವಷ್ಟಾಗಿವೆ. ಕೌಲೂನಿನ ಹಿಂದಿರುವ, ಕೂತ ಸಿಂಹದಂತೆ ಕಾಣುವ ಗ್ರಾನೈಟ್ ಶಿಖರ ಲಯನ್ ರಾಕ್ 495 ಮೀಟರ್ ಎತ್ತರವಿದ್ದರೆ, 2010ರಲ್ಲಿ ಪೂರ್ಣಗೊಂಡ ಇಂಟರ್‌ನ್ಯಾಷನಲ್ ಕಾಮರ್ಸ್ ಸೆಂಟರ್ 484 ಮೀಟರ್ ಎತ್ತರವಿದೆ. ಆದರೆ ಶಿಖರ ದೂರದಲ್ಲಿಯೂ ಗೋಪುರ ಹತ್ತಿರದಲ್ಲಿಯೂ ಇರುವಾಗ, ನೋಡುವವರ ಕಣ್ಣಿಗೆ ಗಿಡ್ಡ ಗೋಪುರವೇ ಎತ್ತರವಾಗಿ ಬೆಟ್ಟವನ್ನು ಮರೆಮಾಡುತ್ತದೆ. ಈ ಕಾರಣದಿಂದಲೇ 1991ರ ಮೆಟ್ರೋಪ್ಲಾನ್ ಎಂಬ ನಗರ ಯೋಜನೆ, ಗೊತ್ತಾದ ವೀಕ್ಷಣಾ ಸ್ಥಳಗಳಿಂದ ನೋಡಿದಾಗ ಗಿರಿರೇಖೆಯ, ಅಂದರೆ ಬೆಟ್ಟಸಾಲಿನ ಮೇಲಂಚಿನ, ಕೆಳಗೆ ಶೇಕಡಾ 20ರಿಂದ 30ರಷ್ಟು ಭಾಗದಲ್ಲಿ ಕಟ್ಟಡಗಳು ಕಾಣದಂತೆ ನೋಡಿಕೊಳ್ಳಬೇಕೆಂದು ಸೂಚಿಸಿತು. ವಿವೇಕದ ಸೂಚನೆ ಇದು, ಸಂದೇಹವಿಲ್ಲ. ಆದರೆ ಹಣದ ಒತ್ತಡವಿರುವ ಊರಿನಲ್ಲಿ ಬರಿಯ ಸೂಚನೆ ಸಾಲದು. 2003ರಲ್ಲಿ ಪೂರ್ಣಗೊಂಡ, 400 ಮೀಟರಿಗೂ ಎತ್ತರವಾದ ಟೂ ಇಂಟರ್‌ನ್ಯಾಷನಲ್ ಫೈನಾನ್ಸ್ ಸೆಂಟರ್, ಕೌಲೂನ್ ದಡದಲ್ಲಿ ನಿಂತು ನೋಡುವವರಿಗೆ ಗಿರಿರೇಖೆಯನ್ನು ದಾಟಿಯೇ ಕಾಣುತ್ತದೆ.